ಕಪ್ಪು ಕಲ್ಲಿನ ಕೆಳಗೆ ಏನಿದೆ?

ನಮ್ಮ ಕಾಮೋಠೆಯಲ್ಲಿ ಬಿಲ್ಡಿಂಗಿಗೆ ಪಾಯ ತೋಡಿದರೆ ಮೇಲೆ ಖಾಡಿಯ ಮಣ್ಣು, ಕೆಳಗೆ ಕಪ್ಪು ಕಲ್ಲು. ಖಾರಘರ್ ಗುಡ್ಡದ್ದೂ ಅದೇ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗ ಮುಗಿದ ಆಸುಪಾಸಿನಲ್ಲಿ ಹರಿದ ಲಾವಾ ಅದು. ಹಾಗಾದ್ರೆ ಲಾವಾ ಬರೋ ಮೊದಲಿದ್ದ ನೆಲ ಎಲ್ಲಿ?

ಜಬಲ್ಪುರದ ನರ್ಮದಾ ದಡದಲ್ಲಿ ಆ ನೆಲ ಕಣ್ಣಿಗೇ ಕಾಣುತ್ತೆ. ಹೆಸರು ಲಮೇಟಾ. ನೀರು ತಂದಿಟ್ಟ ಮರಳು, ಮಣ್ಣು ಗಟ್ಟಿಯಾದ ಜಲಜ ಶಿಲೆ. ಅದರಲ್ಲಿ ಡೈನೋಸಾರ್ ಮೂಳೆಗಳಿವೆ, ಹಾಗಾಗಿ ಕ್ರಿಟೇಷಿಯಸ್ ಕಾಲದ್ದು ಅಂತ ಹೇಳಬಹುದು. ನಮ್ಮ ಕಡೆ ಹಾಗೆ ಕಾಣಲ್ಲ, ಕೊರೆದೇ ನೋಡಬೇಕು.

1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅಲುಗಾಡದ ಗಟ್ಟಿ ನೆಲ ಅಂತ ನಂಬಿದ್ದ ಜಾಗ ಅದು. ಆಮೇಲೆ ಅಲ್ಲಿ ಕೊರೆದರು. 338 ಮೀಟರ್ ಲಾವಾ, ಅದರಡಿ ಬರೀ 8 ಮೀಟರ್ ಜಲಜ ಶಿಲೆ, ಆಮೇಲೆ ಅತಿ ಹಳೆಯ ಬುಡದ ಕಲ್ಲು. ಕೊಯ್ನಾದಲ್ಲಿ 930 ಮೀಟರ್ ಲಾವಾ ದಾಟಿದರೆ ನೇರವಾಗಿ ಗ್ರಾನೈಟ್! ಮಧ್ಯದ ಪದರವೇ ಇಲ್ಲ.

ನಾವೆಲ್ಲ ಲಾಗ್ ಫೈಲ್ ಓದೋರು. ಎಂಟ್ರಿ ಇಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ಬರೆದೇ ಇರಲ್ಲ, ಇಲ್ಲವೇ ಬರೆದದ್ದು ಅಳಿಸಿಹೋಗಿರುತ್ತೆ. ಕೊಯ್ನಾದಲ್ಲೂ ಅಷ್ಟೇ: ಮರಳು, ಮಣ್ಣು ಕೂತೇ ಇಲ್ಲ, ಅಥವಾ ಲಾವಾ ಬರೋ ಮೊದಲೇ ಕೊಚ್ಚಿಹೋಗಿದೆ. ಆ ಒಂದು ಗೆರೆಯಲ್ಲಿ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚಿನ ದಾಖಲೆ ಮಾಯ.

ಇನ್ನೊಂದು ಎಚ್ಚರ: ಲಾವಾದ ಕೆಳಗಿದೆ ಅಂದರೆ ಲಾವಾಗಿಂತ ಹಳೆಯದು, ಅಷ್ಟೇ. ಎಷ್ಟು ಹಳೆಯದು ಅಂತ ಹೇಳೋಕೆ ಪಳೆಯುಳಿಕೆಯಂಥ ಬೇರೆ ಪುರಾವೆ ಬೇಕು. ಮೇಲಿನ ಕಲ್ಲು ಒಂದೇ ಥರ ಕಂಡರೂ ಕೆಳಗಿನ ಕಥೆ ಊರಿಂದೂರಿಗೆ ಬೇರೆ. ಅದಕ್ಕೇ ಒಂದು ಬೋರ್ ನೋಡಿ ಇಡೀ ದಖ್ಖನ್ನಿನ ನಕ್ಷೆ ಬರೆಯೋಕಾಗಲ್ಲ.