ಪರೀಕ್ಷೆಯ ದಿನಗಳು ಮತ್ತು ಮನದೊಳಗಿನ ಮಾತು



ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳು ಗ್ರಾಮೀಣ ಕುಟುಂಬಗಳಿಗೆ ಬಿಡುವಿಲ್ಲದ ಕಾಲ. ಹಿಂಗಾರಿ ಜೋಳ, ಕಡಲೆಗಳ ರಾಶಿ ಮುಗಿಯುವಷ್ಟರಲ್ಲಿ ಸಹಕಾರ ಸಂಘದ ಸಾಲದ ಗಡುವು ಎದುರಾಗುತ್ತದೆ. ಯುಗಾದಿ, ಊರ ಜಾತ್ರೆ, ಬಂಧುಗಳ ಮದುವೆ ಒಂದರ ಹಿಂದೊಂದು ಬರುತ್ತವೆ. ಇದೇ ವೇಳೆಗೆ ಮಕ್ಕಳ ವಾರ್ಷಿಕ ಪರೀಕ್ಷೆ. ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿದ್ದರೆ ಎಲ್ಲರೂ ಆತಂಕಕ್ಕೆ ಒಳಗಾಗುತ್ತಾರೆ.

ಇಂತಹ ದಿನಗಳಲ್ಲಿ ಸಿಟ್ಟು, ಭಯ, ಬೇಸರಗಳು ಉಂಟಾಗುವುದು ಸಹಜ. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರಾಟ ವೇಗಗೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಎದುರಾದಾಗ ನಮ್ಮನ್ನು ರಕ್ಷಿಸುವ ಏರ್ಪಾಡು ಇದು. ಆದರೆ ಇದಕ್ಕೆ ನಿಜವಾದ ಹಾವೇ ಬೇಕಾಗಿಲ್ಲ. ಮನಸ್ಸಿನಲ್ಲಿ ಮೂಡುವ ಮಾತೊಂದೇ ಸಾಕು. "ಮಗ ನಪಾಸಾದರೆ ನಮ್ಮ ಮಾನ ಹೋಯಿತು" ಎಂದು ತಂದೆಯು ದಿನವೂ ತನಗೆ ತಾನೇ ಹೇಳಿಕೊಂಡರೆ, ದೇಹವು ಅದನ್ನೂ ಅಪಾಯವೆಂದೇ ಎಣಿಸುತ್ತದೆ. ನಿದ್ರೆ ಕೆಡುತ್ತದೆ, ಊಟ ರುಚಿಸುವುದಿಲ್ಲ, ಸಣ್ಣ ಕಾರಣಕ್ಕೂ ಕೋಪ ಬರುತ್ತದೆ.

ಒಳಗೆ ಹೇಳಿಕೊಂಡ ಮಾತು ಒಳಗೇ ಉಳಿಯುವುದಿಲ್ಲ. "ನೀನೇ ಮುದ್ದು ಮಾಡಿ ಅವನನ್ನು ಕೆಡಿಸಿದೆ" ಎಂದು ಪತಿ ಹೇಳಿದರೆ, "ನೀವು ಒಂದು ದಿನವಾದರೂ ಅವನ ಪುಸ್ತಕ ತೆರೆದು ನೋಡಿದ್ದೀರಾ?" ಎಂದು ಪತ್ನಿ ಕೇಳುತ್ತಾಳೆ. ಪುಸ್ತಕದ ಮುಂದೆ ಕುಳಿತ ಮಗು ಎರಡನ್ನೂ ಕೇಳಿಸಿಕೊಂಡು, "ಈ ಜಗಳಕ್ಕೆ ನಾನೇ ಕಾರಣ" ಎಂದು ಭಾವಿಸುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಮಕ್ಕಳೊಡನೆ ಆಡುವ ಮಾತಿಗೂ ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕೋಪ ಬಂದಾಗ ಮೊದಲು ಮೌನವಾಗಿರಿ. ನಿಧಾನವಾಗಿ ಉಸಿರು ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಹೀಗೆ ಹತ್ತು ಬಾರಿ ಮಾಡಿ. ಬಳಿಕ, "ನಾನು ಈಗ ನನಗೆ ಏನು ಹೇಳಿಕೊಂಡೆ? ಅದು ಪೂರ್ತಿ ನಿಜವೇ?" ಎಂದು ವಿಚಾರಿಸಿ. ನಿಜವಲ್ಲದ ಮಾತಿನ ಜಾಗದಲ್ಲಿ ನಿಜವಾದ ಮಾತನ್ನು ಇರಿಸಿ. "ಎಲ್ಲವೂ ಸರಿಹೋಗುತ್ತದೆ" ಎಂಬ ಬರಿಯ ಸಮಾಧಾನ ಬೇಡ. "ಅವನಿಗೆ ಗಣಿತ ಕಷ್ಟ, ಆದರೂ ಓದುತ್ತಿದ್ದಾನೆ. ಈ ಬಾರಿ ಆಗದಿದ್ದರೆ ಮತ್ತೆ ಬರೆಯಬಹುದು" ಎಂದು ಹೇಳಿಕೊಳ್ಳಿ. ಇದು ಸುಳ್ಳಲ್ಲ. ನಮ್ಮ ರಾಜ್ಯದಲ್ಲಿ 2024ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯಲು ಅವಕಾಶವಿದೆ.

"ಮಗಳು ನಪಾಸಾದರೆ ಮದುವೆ ಮಾಡಿಬಿಡೋಣ" ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಹತ್ತನೆಯ ತರಗತಿಯ ಹುಡುಗಿಗೆ ಹದಿನೈದೋ ಹದಿನಾರೋ ವಯಸ್ಸು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ, 18 ತುಂಬದ ಹೆಣ್ಣಿನ ಮದುವೆ ಮಾಡಿಸುವುದು ಶಿಕ್ಷಾರ್ಹ ಅಪರಾಧ. ಎಳೆಯ ವಯಸ್ಸಿನ ಬಸಿರು ತಾಯಿಗೂ ಕೂಸಿಗೂ ಅಪಾಯಕರ. ಈ ಮಾತನ್ನು ಹೆದರಿಸುವುದಕ್ಕಾಗಿಯೂ ಆಡಬಾರದು.

ಪತಿಪತ್ನಿಯರು ಕೆಲಸವನ್ನು ಹಂಚಿಕೊಳ್ಳಿ. ನೀರು ತರುವುದು, ದನಕರುಗಳ ಆರೈಕೆ ಇವೆಲ್ಲ ತಾಯಿಯೊಬ್ಬಳ ಹೊರೆಯಾಗದಿರಲಿ. ಓದುವ ಹೆಣ್ಣುಮಗುವಿನ ಮೇಲೂ ಬೀಳದಿರಲಿ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಇಬ್ಬರೂ ಕುಳಿತು ನಾಳಿನ ಕೆಲಸಗಳನ್ನು ಮಾತನಾಡಿಕೊಳ್ಳಿ. ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆಗಳ ನಿದ್ರೆ ಅಗತ್ಯ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ರೆ ನೆರವಾಗುತ್ತದೆ. ರಾತ್ರಿಯಿಡೀ ಓದಿಸುವುದರಿಂದ ನಷ್ಟವೇ ಹೆಚ್ಚು.

ಮಗು ಊಟ ಬಿಟ್ಟರೆ, ಯಾರೊಡನೆಯೂ ಮಾತನಾಡದೆ ಒಂಟಿಯಾಗಿ ಕುಳಿತರೆ, "ನಾನು ಇರುವುದೇ ಬೇಡ" ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಬಯ್ಯದೆ, ಹತ್ತಿರ ಕುಳಿತು ಕೇಳಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಸಿಂಪಡಿಸುವ ಔಷಧಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಿಸಿ. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ದೂರವಾಣಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ತಂದೆತಾಯಿಗಳೂ ತಮ್ಮ ದುಗುಡವನ್ನು ಅಲ್ಲಿ ಹೇಳಿಕೊಳ್ಳಬಹುದು.

ಫಲಿತಾಂಶದ ದಿನ ಮಗು ಮೊದಲು ನೋಡುವುದು ನಿಮ್ಮ ಮುಖವನ್ನು. ಅಂದು ಆಡಬೇಕಾದ ಮಾತನ್ನು ಇಂದಿನಿಂದಲೇ ಮನಸ್ಸಿನಲ್ಲಿ ರೂಢಿಸಿಕೊಳ್ಳಿರೆಂದು ನನ್ನ ವಿನಂತಿ.