ಭಾನುವಾರದ ಕನ್ನಡ ತರಗತಿ: ಕೋಣೆ, ಕಟ್ಟಳೆ, ದಿನಚರಿ

(ಸಂಘದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಮ್ಮ ಮಕ್ಕಳು ಕನ್ನಡದ ಹಾಡು ಹಾಡುತ್ತಾರೆ. ಕೇಳಿ ನಾವೆಲ್ಲರೂ ಹಿಗ್ಗುತ್ತೇವೆ. ಆದರೆ ಅವರಲ್ಲಿ ಹಲವರು ಆ ಹಾಡನ್ನು ನಾಗರಿಯಲ್ಲಿಯೋ ಇಂಗ್ಲಿಷ್ ಅಕ್ಷರಗಳಲ್ಲಿಯೋ ಬರೆದುಕೊಂಡು ಬಾಯಿಪಾಠ ಮಾಡಿದ್ದಾರೆಂಬುದು ಇಲ್ಲಿ ಕುಳಿತ ತಾಯಂದಿರಿಗೆ ಗೊತ್ತಿರುವ ಗುಟ್ಟು. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ನಾಲಗೆಗೂ ಬರುತ್ತದೆ. ಕಣ್ಣಿಗೆ ಮಾತ್ರ ಹತ್ತುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಬೋರ್ಡನ್ನು ಓದಲಾರದ ಮಗು ತನ್ನ ಅಜ್ಜನ ಊರಿನಲ್ಲಿಯೇ ಪರಸ್ಥಳದ ಅತಿಥಿಯಾಗುತ್ತದೆ. ಇದು ನಮ್ಮ ಮುಂದಿರುವ ಪ್ರಶ್ನೆ.

ಈ ಮುಂಬಯಿಯಲ್ಲಿ ನಮ್ಮ ಹಿಂದಿನವರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿ ಮುಂದೆ ಬಂದರು. ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ಆದರೆ ನಮ್ಮ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಶಾಲೆಗಳಿಗೆ ಹೋಗುವವರು. ಅವರಿಗೆ ಉಳಿದಿರುವುದು ವಾರಕ್ಕೊಂದು ಭಾನುವಾರ, ಅದರಲ್ಲಿ ಒಂದೂವರೆ ಗಂಟೆ.

ಬ್ಯಾಂಕಿನ ಗುಮಾಸ್ತರಾದ ನಾವು ಮೊದಲು ಲೆಕ್ಕ ಹಾಕುತ್ತೇವೆ. ಹಬ್ಬ, ಪರೀಕ್ಷೆ, ಮಳೆ ಎಲ್ಲವನ್ನೂ ಕಳೆದರೆ ವರ್ಷಕ್ಕೆ 40 ಭಾನುವಾರಗಳು ಸಿಕ್ಕಾವು. ಒಟ್ಟು 60 ಗಂಟೆ. ಪ್ರತಿ ವಾರ ಚಾಪೆ ಹಾಸುವುದರಲ್ಲಿ, ಸೀಮೆಸುಣ್ಣ ಹುಡುಕುವುದರಲ್ಲಿ, ‘ಸುಮ್ಮನಿರಿ’ ಎನ್ನುವುದರಲ್ಲಿ ಹತ್ತೇ ನಿಮಿಷ ಪೋಲಾದರೂ ವರ್ಷಕ್ಕೆ 400 ನಿಮಿಷ. ಎಂದರೆ ನಾಲ್ಕು ಭಾನುವಾರಗಳಿಗಿಂತ ಹೆಚ್ಚು! ಆದುದರಿಂದ ಯಾವ ಪುಸ್ತಕ, ಯಾವ ಪಾಠ ಎಂಬ ಚರ್ಚೆಗೆ ಮುಂಚೆ ಕೋಣೆಯ ಏರ್ಪಾಡು, ಕಟ್ಟಳೆ ಮತ್ತು ದಿನಚರಿ ಇವು ಮೂರನ್ನೂ ಗೊತ್ತುಮಾಡಿಕೊಳ್ಳಬೇಕೆಂಬುದು ನಮ್ಮ ಅರಿಕೆ.

ಮೊದಲು ಕೋಣೆ. ಕೋಣೆಯೂ ಒಬ್ಬ ಉಪಾಧ್ಯಾಯನೆಂಬುದು ಹೊಸ ಮಾತಲ್ಲ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸ್ಸೊರಿಯವರು ಮಕ್ಕಳ ಮನೆಯನ್ನು ತೆರೆದರು. ಮಕ್ಕಳ ಕೈಗೆ ಎಟಕುವ ಕಪಾಟು, ಮಕ್ಕಳೇ ಎತ್ತಬಲ್ಲ ಪೀಠ ಅವರ ಪದ್ಧತಿಯ ಗುರುತುಗಳಾದವು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ನಮಗೆ ಇನ್ನೂ ಹತ್ತಿರದ ಉದಾಹರಣೆ ಕರ್ನಾಟಕದ ‘ನಲಿ-ಕಲಿ’. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡು ಬಂದ ಉಪಾಧ್ಯಾಯರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ತೊಡಗಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು.

ಅಲ್ಲಿನ ಏರ್ಪಾಡನ್ನು ಸ್ವಲ್ಪ ವಿವರಿಸಬೇಕು. ಅದು ನಮ್ಮ ಕಷ್ಟಕ್ಕೆ ಹೇಳಿ ಮಾಡಿಸಿದಂತಿದೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಸಾಲಾಗಿ ಅಲ್ಲ, ಐದು ಗುಂಪುಗಳಾಗಿ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ತಿ ನೆರವು, ಎರಡನೆಯದಕ್ಕೆ ಅರೆನೆರವು. ಮೂರನೆಯದಕ್ಕೆ ಜೊತೆಯ ಮಕ್ಕಳ ನೆರವು, ನಾಲ್ಕನೆಯದಕ್ಕೆ ಅದರಲ್ಲಿಯೂ ಅರೆ. ಐದನೆಯದು ತಾನಾಗಿ ಕಲಿಯುವ ಗುಂಪು. ಪಾಠವೆಲ್ಲ ಕಾರ್ಡುಗಳ ಮೇಲಿದೆ. ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ನೋಡಿ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಅರಿಯುತ್ತದೆ. ಕರಿಹಲಗೆ ಮಗುವಿನ ಎತ್ತರಕ್ಕೆ ಗೋಡೆಯ ಬುಡದಲ್ಲಿದೆ. ಮಕ್ಕಳು ಮಾಡಿದ ಚಿತ್ರ, ಬರೆಹಗಳನ್ನು ತಲೆಯ ಮೇಲೆ ದಾರ ಕಟ್ಟಿದ ಚಪ್ಪರಕ್ಕೆ ತೂಗುಹಾಕುತ್ತಾರೆ.

ನಮ್ಮ ಸಭಾಗೃಹದಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಶನಿವಾರ ಭಜನೆ, ಭಾನುವಾರ ಸಂಜೆ ಯಾರದೋ ಆರತಕ್ಷತೆ. ಆದ್ದರಿಂದ ನಮ್ಮ ಶಾಲೆ ಒಂದು ಟ್ರಂಕಿನೊಳಗೆ ಅಡಗಬೇಕು. ಐದು ಚಾಪೆಗಳು, ಐದು ಬಣ್ಣದ ಪಟ್ಟಿ ಹಚ್ಚಿದ ಐದು ಡಬ್ಬಗಳು, ಗೋಡೆಗೊರಗಿಸುವ ಎರಡು ಹಲಗೆ, ಒಂದು ದಾರ, ಕೆಲವು ಕ್ಲಿಪ್ಪು. ಚಾಪೆಗಳ ಜಾಗ ಪ್ರತಿ ವಾರವೂ ಒಂದೇ. ಹೊಸಬರ ಚಾಪೆ ಉಪಾಧ್ಯಾಯರ ಮಗ್ಗುಲಲ್ಲಿ. ತಾವಾಗಿ ಓದಬಲ್ಲವರದು ಕಿಟಕಿಯ ಬಳಿ. ಎಲ್ಲ ಮಕ್ಕಳ ಬೆನ್ನೂ ಬಾಗಿಲಿನ ಕಡೆಗಿರಲಿ. ಬಾಗಿಲಲ್ಲಿ ಇಣುಕುವ ತಂದೆತಾಯಿಯರಷ್ಟು ಪಾಠವನ್ನು ಕೆಡಿಸುವವರು ಬೇರೆ ಯಾರೂ ಇಲ್ಲ, ತಪ್ಪು ತಿಳಿಯಬೇಡಿ!

ಎರಡನೆಯದು ಕಟ್ಟಳೆ. ನಾಲ್ಕೇ ಇರಲಿ; ಬೇಡ ಎನ್ನುವ ಮಾತಿನಲ್ಲಿರದೆ ಮಾಡು ಎನ್ನುವ ಮಾತಿನಲ್ಲಿರಲಿ. ಒಬ್ಬರು ಮಾತನಾಡುವಾಗ ಉಳಿದವರು ಕೇಳುವುದು. ತೆಗೆದದ್ದನ್ನು ತೆಗೆದಲ್ಲಿಯೇ ಇಡುವುದು. ತಿಳಿಯದಿದ್ದರೆ ಮೊದಲು ಪಕ್ಕದವರನ್ನು, ಆಮೇಲೆ ಉಪಾಧ್ಯಾಯರನ್ನು ಕೇಳುವುದು. ನಾಲ್ಕನೆಯದು: ಕನ್ನಡದಲ್ಲಿ ಮಾತನಾಡುವುದು, ಮಾತು ಸಿಗದಿದ್ದರೆ ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಿ, ‘ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?’ ಎಂದು ಕೇಳುವುದು. ಬೇರೆ ಭಾಷೆಯಾಡಿದ ಮಗುವಿಗೆ ದಂಡ ಹಾಕಿದರೆ ಅದು ಕನ್ನಡವನ್ನಾಡುವುದಿಲ್ಲ, ಮೌನವನ್ನು ಕಲಿಯುತ್ತದೆ.

ದೊಡ್ಡವರಿಗೂ ಒಂದು ಕಟ್ಟಳೆ ಬೇಕು: ಯಾವ ಮನೆಯ ಕನ್ನಡವನ್ನೂ ನಗಬಾರದು. ಮಂಗಳೂರಿನ ಮನೆಯ ಮಗು ‘ಹೇಗೆ’ ಎಂದೀತು, ಮೈಸೂರಿನದು ‘ಹೆಂಗೆ’, ಧಾರವಾಡದ್ದು ‘ಹ್ಯಾಂಗ’. ಮನೆಯಲ್ಲಿ ತುಳು ಕೊಂಕಣಿಗಳನ್ನಾಡುವ ಮಕ್ಕಳೂ ನಮ್ಮಲ್ಲಿದ್ದಾರೆ. ಬರೆಯುವಾಗ ಪುಸ್ತಕದ ರೂಪವನ್ನು ಕಲಿಸೋಣ. ಆಡುವಾಗ ಎಲ್ಲವೂ ಸರಿ. ಒಮ್ಮೆ ನಗೆಪಾಟಲಿಗೀಡಾದ ಮಗು ಮುಂದಿನ ಭಾನುವಾರ ಹೊಟ್ಟೆನೋವೆಂದು ಮನೆಯಲ್ಲಿ ಉಳಿದುಬಿಡುತ್ತದೆ. ಜೂನಿನಲ್ಲಿ ತುಂಬಿದ ತರಗತಿ ದೀಪಾವಳಿಯ ಹೊತ್ತಿಗೆ ಅರೆಖಾಲಿಯಾಗಲು ಇದೂ ಒಂದು ಕಾರಣ.

ಮೂರನೆಯದು ದಿನಚರಿ. ಹತ್ತು ಗಂಟೆಗೆ ಬಂದ ಮಗು ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು, ಕನ್ನಡದಲ್ಲಿ ಬರೆದ ತನ್ನ ಹೆಸರಿನ ಚೀಟಿಯನ್ನು ಹುಡುಕಿ ಹಾಜರಿಯ ಚೀಲಕ್ಕೆ ಹಾಕುತ್ತದೆ. ಮಗು ಓದುವ ಮೊದಲ ಕನ್ನಡ ಮಾತು ಅದರ ಹೆಸರೇ ಆಗಲಿ! ವಾರ, ತಿಂಗಳು, ಮಳೆಯೋ ಬಿಸಿಲೋ ಎಂಬುದನ್ನೂ ಮಕ್ಕಳೇ ಹಲಗೆಯ ಮೇಲೆ ಬರೆಯಲಿ. ಇದಕ್ಕೆ 10 ನಿಮಿಷ; ಹಾಡಿಗೆ 10; ಗುಂಪಿನ ಕೆಲಸಕ್ಕೆ ಇಪ್ಪತ್ತಿಪ್ಪತ್ತರ ಎರಡು ಸರದಿ, 40; ಎಲ್ಲರೂ ಕೂಡಿ ಕತೆ ಕೇಳಲು 15; ಮನೆಗೊಯ್ಯುವ ಒಂದು ಸಾಲನ್ನು ಬರೆಯಲು 10; ಟ್ರಂಕು ತುಂಬಲು 5. ಒಟ್ಟು 90. ರೈಲ್ವೆಯ ಮೆಗಾ ಬ್ಲಾಕಿನಿಂದ ತಡವಾಗಿ ಬಂದ ಮಗುವನ್ನು ಯಾರೂ ತಡೆದು ಕೇಳಬೇಕಾಗಿಲ್ಲ. ಚೀಟಿ ಹಾಕಿ ತನ್ನ ಚಾಪೆಗೆ ಹೋಗಿ ಕೂರಬಹುದು. ದಿನಚರಿ ಗೊತ್ತಿದ್ದರೆ ಕಾಲಿಗೇ ದಾರಿ ತಿಳಿಯುತ್ತದೆ.

ಗುಂಪಿನ ಕೆಲಸದಲ್ಲಿ ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು? ವರ್ಣಮಾಲೆಯ 49 ಅಕ್ಷರಗಳನ್ನೂ ಮುಗಿಸಿ ಮಾತಿಗೆ ಬರುವಷ್ಟರಲ್ಲಿ ನಮ್ಮ ವರ್ಷವೇ ಮುಗಿದೀತು. ನಲಿ-ಕಲಿಯಲ್ಲಿ ಮೊದಲು ‘ರ, ಗ, ಸ, ದ, ಅ’. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ನಮ್ಮ ಮಕ್ಕಳಿಗೆ ಇನ್ನೊಂದು ಬಂಡವಾಳವೂ ಉಂಟು: ಶಾಲೆಯಲ್ಲಿ ಕಲಿತ ನಾಗರಿಯಿಂದ ಕ-ಖ-ಗ-ಘಗಳ ಧ್ವನಿಕ್ರಮ ಆಗಲೇ ಬಂದಿದೆ; ಆಕಾರ ಮಾತ್ರ ಹೊಸದು. ಎಡವುವುದು ಎ-ಏ, ಒ-ಓಗಳಲ್ಲಿ. ಹಿಂದಿ ಮರಾಠಿಗಳ ಬರೆಹದಲ್ಲಿ ಈ ಹ್ರಸ್ವ ದೀರ್ಘಗಳ ಭೇದವಿಲ್ಲ. ‘ಕೊಡು’ ಎಂದರೆ ನೀಡು, ‘ಕೋಡು’ ಎಂದರೆ ಕೊಂಬು ಎಂಬುದನ್ನು ತೋರಿಸುವ ಜೋಡಿ ಕಾರ್ಡುಗಳಿಗಾಗಿ ಒಂದು ಡಬ್ಬವನ್ನೇ ಮೀಸಲಿಡೋಣ. ಒತ್ತಕ್ಷರವನ್ನು ಪಕ್ಕದಲ್ಲಿ ಬರೆಯದೆ ಕೆಳಗೆ ಬರೆಯುವ ನಮ್ಮ ರೂಢಿಗೂ ಹಾಗೆಯೇ.

ಕೊನೆಯ ಐದು ನಿಮಿಷಗಳನ್ನು ಹಗುರವಾಗಿ ಕಾಣಬಾರದು. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದೆ ಯಾರೂ ಏಳುವುದಿಲ್ಲ. ಇಲ್ಲಿಯೂ ಪ್ರತಿ ಚಾಪೆಯವರು ತಮ್ಮ ಡಬ್ಬದ ಕಾರ್ಡುಗಳನ್ನು ಎಣಿಸಿ, ಸಂಖ್ಯೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ಮುಚ್ಚಳ ಹಾಕಲಿ. ಒಂದು ಕಾರ್ಡು ಕಳೆದರೆ ಮುಂದಿನ ವಾರ ಒಂದು ಮಗುವಿನ ಪಾಠ ಕಳೆದಂತೆ. ಇದರಿಂದ ಎಣಿಕೆಯೂ ಬಂತು, ಹೊಣೆಯೂ ಬಂತು.

ಇಷ್ಟಕ್ಕೂ 90 ನಿಮಿಷಗಳ ಕಲಿಕೆ ಆರು ದಿನ ನಿಲ್ಲಬೇಕಾದರೆ ಮನೆಯ ಗೋಡೆಯೂ ನಮ್ಮ ಕೋಣೆಯ ಭಾಗವಾಗಬೇಕು. ಮಗು ತಂದ ಆ ಒಂದು ಸಾಲನ್ನು ಅಡಿಗೆಮನೆಯಲ್ಲಿ ಅಂಟಿಸಿ. ಅಕ್ಕಿ, ಬೇಳೆ, ಉಪ್ಪಿನ ಡಬ್ಬಗಳಿಗೆ ಮಗುವಿನ ಕೈಯಿಂದಲೇ ಕನ್ನಡದ ಚೀಟಿ ಹಚ್ಚಿಸಿ. ಊರಿನ ಅಜ್ಜಿಗೆ ತಿಂಗಳಿಗೊಂದು ಕಾಗದ, ಎರಡೇ ಸಾಲಾದರೂ, ಹೋಗಲಿ.

ಈ ಏರ್ಪಾಡಿಗೆ ಹಣ ಬೇಕಾಗಿಲ್ಲ, ಜನ ಬೇಕು. ಪ್ರತಿ ಭಾನುವಾರ ಉಪಾಧ್ಯಾಯರ ಜೊತೆಗೆ ಇಬ್ಬರು. ಇಪ್ಪತ್ತು ಮನೆಯವರು ಒಪ್ಪಿದರೆ ವರ್ಷದ 40 ಭಾನುವಾರಗಳಲ್ಲಿ ಒಂದೊಂದು ಮನೆಗೆ ನಾಲ್ಕೇ ಸರದಿ. ಸರದಿಯ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನೂ ಇದೆ. ದಯಮಾಡಿ ಹೆಸರು ಬರೆದು ಹೋಗಿರಿ, ಕನ್ನಡದಲ್ಲಿಯೇ ಬರೆಯಿರಿ!