ಕಥೆಯ ಪಾತ್ರಗಳಲ್ಲಿ ಬಣ್ಣ ಮತ್ತು ಋತು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಸಿರು ಯಾವುದರ ಸಂಕೇತ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರ ಸಿದ್ಧವಾಗಿದೆ: ಸಮೃದ್ಧಿ. ಬಿಳಿ? ಶಾಂತಿ. ಕಪ್ಪು? ದುಃಖ. ಗೈಡಿನಲ್ಲಿ ಹಾಗೆಯೇ ಇದೆ, ಅಂಕವೂ ಸಿಗುತ್ತದೆ. ಆದರೆ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಥೆ ಓದಿದರೆ ಕಥೆಯೊಳಗಿನ ಮನುಷ್ಯ ಕಾಣುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ.

ಉರ್ದು ಪಾಠಗಳಲ್ಲಿ ನೀವು ಬಹಾರ್, ಖಿಜಾನ್ ಎಂಬ ಮಾತುಗಳನ್ನು ಓದುತ್ತೀರಿ. ಒಂದು ಹೂ ಬಿಡುವ ಕಾಲ, ಇನ್ನೊಂದು ಎಲೆ ಉದುರುವ ಕಾಲ. ಒಂದು ಮಿಲನಕ್ಕೆ, ಇನ್ನೊಂದು ವಿರಹಕ್ಕೆ. ಪಾರಸಿ ಕಾವ್ಯದ ತೋಟಗಳಿಂದ ಬಂದ ಋತುಗಳಿವು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ದೊಡ್ಡ ಋತು ಎಂದರೆ ಮಳೆಗಾಲ. ಇಲ್ಲಿ ಗದ್ದೆಯ ಸಸಿಮಡಿಯೂ ಹಸಿರು, ಜುಲೈ ತಿಂಗಳಲ್ಲಿ ಗೋಡೆಗೆ ಕಟ್ಟುವ ಹಾವಸೆಯೂ ಹಸಿರು. ಒಂದು ಅನ್ನ ಕೊಡುತ್ತದೆ, ಇನ್ನೊಂದು ಕಾಲು ಜಾರಿಸುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾಯಿತು. ಶೀರ್ಷಿಕೆಯ 'ಮಲೆ' ಬೆಟ್ಟ, 'ಮಳೆ' ಅಲ್ಲ. ಆದರೂ ಕಾದಂಬರಿಯ ತುಂಬ ಮಳೆಯಿದೆ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯನ್ನು ದಾಟಿ ಗುತ್ತಿ, ತಿಮ್ಮಿ ಹೊಸ ಬದುಕಿಗೆ ಹೋಗುತ್ತಾರೆ. ಗುತ್ತಿಯ ನಾಯಿ ಹುಲಿಯ ಅದೇ ಹೊಳೆಯ ಪಾಲಾಗುತ್ತದೆ. ಒಂದೇ ನೀರು, ಒಂದೇ ಋತು. ಬಿಡುಗಡೆಯೂ ಅದೇ, ಸಾವೂ ಅದೇ.

ಇನ್ನು ಸಾಗರಕ್ಕೆ ಬನ್ನಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಶರಾವತಿಯ ನೀರಿನಡಿ ಸೇರಿದವು. ಆ ನೋವನ್ನು ಬರೆದವರು ಸಾಗರದ ನಾ. ಡಿಸೋಜ (1937–2025). ಅವರ 'ದ್ವೀಪ'ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು. ರೈತ ಕಾಯುವ ಮಳೆ ಅಲ್ಲಿ ನಾಗಿಗೆ ದಿನದಿನವೂ ಮೆಟ್ಟಿಲೇರಿ ಬರುವ ಭಯ. ಮನೆ ಉಳಿಸಲು ಹೆಣಗಿದವಳು ಅವಳು. ಗಂಡ ಮಾತ್ರ ದೇವರು ಕಾಪಾಡಿದ ಎನ್ನುತ್ತಾನೆ.

ಈಗ ಬಣ್ಣದ ಮಾತು. ಕಾಸರವಳ್ಳಿಯವರ 'ಹಸೀನಾ' (2004) ಚಿತ್ರಕ್ಕೆ ಮೂಲ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ. ಗಂಡ ಕೈಬಿಟ್ಟ ತಾಯಿಯೊಬ್ಬಳು ಮಸೀದಿಯ ಮುಂದೆ ನ್ಯಾಯ ಕೇಳುತ್ತಾಳೆ, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುವುದಿಲ್ಲ. ಶೀರ್ಷಿಕೆಯ ಕಪ್ಪನ್ನು ಬುರ್ಖಾ ಎಂದು ಊಹಿಸುವವರಿಗೆ ಈ ಕಥೆ ದಕ್ಕುವುದಿಲ್ಲ. ಇಲ್ಲಿ ಕಪ್ಪು ಎಂದರೆ ನ್ಯಾಯ ಕೊಡದವನತ್ತ ಹರಿಯುವ ಹೆಂಗಸರ ಶಾಪ. ನಮ್ಮ ಸಮಾಜದ ಕಥೆ ಎಂದು ಮುಚ್ಚಿಡದೆ ನಾವೇ ಮೊದಲು ಓದಬೇಕಾದದ್ದು ಇದು. ಈ ಲೇಖಕಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು.

ಹೊಸನಗರದಿಂದ ಹುಲಿಕಲ್ ಘಾಟಿ ಇಳಿದರೆ ಕುಂದಾಪುರದ ಸೀಮೆ. ವೈದೇಹಿಯವರ ಕಥೆಯಿಂದ ಕಾಸರವಳ್ಳಿ ಮಾಡಿದ 'ಗುಲಾಬಿ ಟಾಕೀಸು' (2008) ಆ ಕಡಲ ತೀರದ ಚಿತ್ರ. ನಾಯಕಿಯ ಹೆಸರೇ ಒಂದು ಬಣ್ಣ. ಪಾರಸಿಯ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಕನ್ನಡದಲ್ಲಿ ಅದು ಎಲ್ಲರ ಅಂಗಳದ ಗುಲಾಬಿ. ಸೂಲಗಿತ್ತಿ ಗುಲಾಬಿ ಊರಿನ ಹೆರಿಗೆ ಮಾಡಿದಳು. ಅವಳ ಮನೆಯ ಟೀವಿಯ ಮುಂದೆ ನೆರೆಯ ಹೆಂಗಸರೆಲ್ಲ ಕೂತರು. ಊರಲ್ಲಿ ದ್ವೇಷ ಹಬ್ಬಿದಾಗ ಅವಳನ್ನೇ ದೋಣಿ ಹತ್ತಿಸಿ ಕಳುಹಿಸಿದರು. ಗುಲಾಬಿ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು.

ಆದ್ದರಿಂದ ವಿದ್ಯಾರ್ಥಿಗಳೇ, ಕಥೆಯಲ್ಲಿ ಬಣ್ಣವೋ ಋತುವೋ ಬಂದಾಗ ಎರಡು ಪ್ರಶ್ನೆ ಕೇಳಿ: ಇದು ಯಾರ ಬದುಕಿನಲ್ಲಿ ಬಂದಿದೆ? ಯಾರ ಕಣ್ಣಿನಿಂದ ಕಾಣುತ್ತಿದೆ? ಉತ್ತರ ಪುಸ್ತಕದೊಳಗೇ ಸಿಗುತ್ತದೆ. ಬಟ್ಟೆಯ ಬಣ್ಣ ನೋಡಿ ಮನುಷ್ಯನನ್ನು ಅಳೆಯುವ ಈ ಕಾಲದಲ್ಲಿ, ಇದೇ ಪ್ರಶ್ನೆಗಳು ನಿಮಗೆ ಬೀದಿಯಲ್ಲೂ ಬೇಕಾಗುತ್ತವೆ.